ನೀಲಿ ಮುಚ್ಚಳದ ಇಲಿಗಳು

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಪುಣೆಯ ಸ್ವಾರಗೇಟಿನಲ್ಲಿ ನಮ್ಮ ಅಪ್ಪನ ಹೋಟೆಲ್ ಇದೆ. ಅಪ್ಪ ಮಹಾಲಿಂಗ ಶೆಟ್ಟರು ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಕಲಿತ ವಿದ್ಯೆ ಒಂದೇ, ಎದುರಿಗೆ ನಗಬೇಕು, ಬೆನ್ನ ಹಿಂದೆ ಕಣ್ಣಿಡಬೇಕು. ತೆಂಗಿನಕಾಯಿ ಒಂದು ಕಡಿಮೆ ಬಂದರೆ ಅಡುಗೆಯವನ ಮುಖ ನೋಡುತ್ತಾರೆ, ಚಮಚ ಕಡಿಮೆ ಬಂದರೆ ಗಿರಾಕಿಯ ಕಿಸೆ ನೋಡುತ್ತಾರೆ. ಹೋಟೆಲ್ ಬೇಡವೆಂದು ಹಟ ಹಿಡಿದು ಓದಿದವಳು ನಾನು, ಯಶ್ಮಿತಾ. ಈಗ ಇಲಿಗಳ ಮಿದುಳಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕಸುಬು ಬಿಟ್ಟೆ, ಬುದ್ಧಿ ಬಿಡಲಿಲ್ಲ.

ಪುಣೆಯ ಒಂದು ಸಂಶೋಧನಾ ಸಂಸ್ಥೆ, ಹೆಸರು ಬೇಡ. ಅದರ ನೆಲಮಾಳಿಗೆಯಲ್ಲಿ ಪ್ರಾಣಿಗೃಹ. ಇಲಿ ಚುರುಕಾಗುವುದು ಕತ್ತಲಲ್ಲಿ, ಸಂಬಳದವರು ಚುರುಕಾಗುವುದು ಹಗಲಲ್ಲಿ, ಆದ್ದರಿಂದ ಅಲ್ಲಿ ದಿನವನ್ನೇ ತಿರುಗಿಸಿ ಇಟ್ಟಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕತ್ತಲೆ, ಕೆಲಸಕ್ಕೆಂದು ಒಂದು ಕೆಂಪು ದೀಪ. ಆ ಕೆಂಪು ಇಲಿಯ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಾವು ಅವನ್ನು ನೋಡಬಹುದು, ಅವು ನಮ್ಮನ್ನು ನೋಡಲಾರವು. ಅಪ್ಪನ ಗಲ್ಲಾದಲ್ಲೂ ಇಷ್ಟು ಒಳ್ಳೆಯ ವ್ಯವಸ್ಥೆ ಇಲ್ಲ.

ಇಪ್ಪತ್ತನಾಲ್ಕು ಇಲಿ, ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಡಬ್ಬ. ಕೆಳಗೆ ಪುಡಿ ಮಾಡಿದ ಜೋಳದ ದಿಂಡಿನ ಹಾಸು, ಮೇಲೆ ತಂತಿ ಮುಚ್ಚಳ, ತಿಂಡಿ, ನೀರಿನ ಸೀಸೆ. ಬೇರೇನೂ ಇಲ್ಲ, ಇರಲೂ ಬಾರದು. ಈ ಇಲಿಗಳು ಲಾಗ ಹಾಕುತ್ತವೆ. ಅದೇ ಮೂಲೆ, ಅದೇ ದಿಕ್ಕು, ಹಿಂದಕ್ಕೆ ನೆಗೆದು ಒಂದು ಸುತ್ತು, ಬಿದ್ದು ಎದ್ದು ಮತ್ತೊಂದು ಸುತ್ತು. ಗಂಟೆಗೆ ಏಳುನೂರು. ಮೊದಲ ಸಲ ನೋಡಿದವರು ಸರ್ಕಸ್ಸೆಂದು ನಗುತ್ತಾರೆ. ಐದು ನಿಮಿಷ ನಿಂತರೆ ನಗು ತಾನಾಗಿ ನಿಲ್ಲುತ್ತದೆ.

ನಾವು ತಿಳಿದಿರುವುದು ಇಷ್ಟು. ಮಿದುಳಿನ ಆಳದಲ್ಲಿ ಸ್ಟ್ರಯಾಟಮ್ ಎಂಬ ಭಾಗ ಇದೆ, ಇಲಿಗೂ ಇದೆ, ನಮಗೂ ಇದೆ. ಅಭ್ಯಾಸಗಳೆಲ್ಲ ಅಲ್ಲಿ ಕೂತಿರುತ್ತವೆ. ಅಲ್ಲಿಂದ ಎರಡು ದಾರಿ ಹೊರಡುತ್ತವೆ. ಒಂದು ‘ಮಾಡು’ ಅನ್ನುತ್ತದೆ, ಇನ್ನೊಂದು ‘ಸಾಕು’ ಅನ್ನುತ್ತದೆ. ಎರಡೂ ಸರಿಯಿದ್ದರೆ ಕೈ ತೊಳೆದವನು ಊಟಕ್ಕೆ ಕೂರುತ್ತಾನೆ. ‘ಸಾಕು’ ಅನ್ನುವ ದಾರಿ ಸೋತರೆ ಚರ್ಮ ಸುಲಿಯುವವರೆಗೆ ತೊಳೆಯುತ್ತಲೇ ಇರುತ್ತಾನೆ. ಬೋನಿನ ಚಿರತೆ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ಅಂತ ಆಯುಷ್ಯ ಸವೆಸುತ್ತದೆ. ನಮ್ಮ ಇಲಿಗಳದ್ದೂ ಅದೇ ಕಥೆ. ಆ ಸೋತ ದಾರಿಯನ್ನು ಎಬ್ಬಿಸುವ ಒಂದು ಔಷಧವನ್ನು ಪರೀಕ್ಷಿಸುವುದು ನನ್ನ ಕೆಲಸ. ಹನ್ನೆರಡು ಇಲಿಗಳ ನೀರಿಗೆ ಔಷಧ, ಆ ಸೀಸೆಗಳಿಗೆ ನೀಲಿ ಮುಚ್ಚಳ. ಉಳಿದ ಹನ್ನೆರಡಕ್ಕೆ ಬರೀ ನೀರು, ಕೆಂಪು ಮುಚ್ಚಳ. ಜನವರಿ ಇಪ್ಪತ್ತಕ್ಕೆ ಶುರು ಮಾಡಿದೆ.

ಮಾರ್ಚ್ ಹೊತ್ತಿಗೆ ನೀಲಿ ಇಲಿಗಳ ಲಾಗ ಏಳುನೂರರಿಂದ ಇನ್ನೂರಕ್ಕೆ ಇಳಿಯಿತು. ಕೆಂಪಿನವು ಏಳುನೂರರಲ್ಲೇ ಇದ್ದವು. ನನ್ನ ಗೈಡ್ ಶ್ರದ್ಧಾ ಮ್ಯಾಡಮ್ ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೂರಿಸಿ ಚಹಾ ಕುಡಿಸಿದರು. ಲೇಖನ ಬರೆಯಲು ಹೇಳಿದರು. ಅಪ್ಪ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ “ಮಗಳು ಮದ್ದು ಕಂಡುಹಿಡಿದಿದ್ದಾಳೆ” ಎಂದು ಸಾರಿಬಿಟ್ಟರು. ನನಗೆ ಹಿಗ್ಗೋ ಹಿಗ್ಗು. ಮೂರು ವರ್ಷದ ಪಾಡು ಸಾರ್ಥಕವಾಯಿತೆಂದುಕೊಂಡೆ.

ಯುಗಾದಿ ಕಳೆಯಿತು. ಕೆಂಪು ಇಲಿಗಳ ಲೆಕ್ಕವೂ ಇಳಿಯತೊಡಗಿತು. ಆರುನೂರು. ನಾಲ್ಕುನೂರ ಎಂಬತ್ತು. ಮುನ್ನೂರು. ಬರೀ ನೀರು ಕುಡಿದ ಇಲಿಗೆ ಗುಣವಾಗುವುದೆಂದರೆ ಏನರ್ಥ? ಯಾರೋ ಅದರ ನೀರಿಗೆ ಔಷಧ ಹಾಕುತ್ತಿದ್ದಾರೆ. ಅಥವಾ ಮುಚ್ಚಳ ಅದಲು ಬದಲು ಮಾಡುತ್ತಿದ್ದಾರೆ. ಎರಡಾದರೂ ನನ್ನ ಲೇಖನ ಹಾಳು, ಪಿಎಚ್‌ಡಿ ಹಾಳು.

ಮೊದಲು ಅನುಮಾನ ಪಟ್ಟದ್ದು ಸ್ವಪ್ನಿಲ್ ಮೇಲೆ. ನನಗಿಂತ ಕಿರಿಯ ಸಂಶೋಧನಾ ವಿದ್ಯಾರ್ಥಿ, ಪಕ್ಕದ ಮೇಜಿನವನು, ಕೆಂಪಿನ ಲೆಕ್ಕ ಇಳಿದಾಗಲೆಲ್ಲ ಬಿಸ್ಕತ್ತು ಕೊಡುತ್ತಿದ್ದ. ಕಾರಣವಿಲ್ಲದೆ ಯಾರು ಬಿಸ್ಕತ್ತು ಕೊಡುತ್ತಾರೆ? ಒಂದು ವಾರ ಅವನು ಎಲ್ಲಿ ಹೋದರೂ ಹಿಂದೆ ಹೋದೆ. ಅವನಿಗೆ ಇಲಿ ಕಂಡರೆ ಸೀನು ಬರುತ್ತದೆ, ಪ್ರಾಣಿಗೃಹದ ಮೆಟ್ಟಿಲನ್ನೇ ಇಳಿಯುವುದಿಲ್ಲ ಎಂದು ಗೊತ್ತಾಯಿತು. ಬಿಸ್ಕತ್ತು ತಿಂದೆ, ಅನುಮಾನ ಮುಂದಕ್ಕೆ ಸಾಗಿಸಿದೆ.

ಉಳಿದವಳು ಮರೆಮ್ಮ. ಯಾದಗಿರಿ ಕಡೆಯವಳು. ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆಂದು ಬಂದು ಹತ್ತು ವರ್ಷ ಇಟ್ಟಿಗೆ ಹೊತ್ತು, ಬೆನ್ನು ಸೋತ ಮೇಲೆ ಕಾಂಟ್ರಾಕ್ಟರ್ ಮೂಲಕ ನಮ್ಮಲ್ಲಿ ಡಬ್ಬ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಏಳಕ್ಕೆ ಬರುತ್ತಾಳೆ, ಸಂಜೆ ಐದಕ್ಕೆ ಹೋಗುತ್ತಾಳೆ, ಭಾನುವಾರವೂ ತಪ್ಪಿಸುವುದಿಲ್ಲ. ನಾನು ಹತ್ತೂವರೆಗೆ ಬಂದು ನಾಲ್ಕಕ್ಕೆ ಹೋಗುವವಳು. ಅಂದರೆ ದಿನಕ್ಕೆ ನಾಲ್ಕೂವರೆ ಗಂಟೆ ನನ್ನ ಇಲಿಗಳು ಅವಳ ಕೈಯಲ್ಲಿ.

ಎರಡು ವರ್ಷದಿಂದ ನಾನು ಅವಳೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದೆ. ಅವಳದ್ದು ಹರಕು ಮರಾಠಿ, ನನ್ನದು ಇಲ್ಲೇ ಪುಣೆಯ ಧನಕವಡಿಯ ಶಾಲೆಯಲ್ಲಿ ಕಲಿತ ಮರಾಠಿ. ನನಗೆ ಕನ್ನಡ ಬರುತ್ತದೆಂದು ಅವಳಿಗೆ ಹೇಳಿರಲಿಲ್ಲ. ಇದು ಅಪ್ಪನ ಪಾಠ. ಕೆಲಸದವರ ಮುಂದೆ ಭಾಷೆ ಬಿಟ್ಟುಕೊಡಬೇಡ ಮಗಾ, ನಿನಗೆ ತಿಳಿಯುವುದಿಲ್ಲ ಅಂದುಕೊಂಡರೆ ಅವರು ನಿನ್ನೆದುರೇ ಎಲ್ಲ ಆಡುತ್ತಾರೆ ಅನ್ನುತ್ತಿದ್ದರು. ಅವಳು ಫೋನಿನಲ್ಲಿ ಮಗಳಿಗೆ ಬೈಯುವುದು, ಗಂಡನ ಕುಡಿತ ಹೇಳಿ ಅಳುವುದು ಎಲ್ಲ ನನಗೆ ಕೇಳುತ್ತಿತ್ತು. ಕೇಳದವಳ ಹಾಗೆ ಸೀಸೆ ತುಂಬುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಜಾಣತನ ಅನಿಸಿತ್ತು.

ಪ್ರತಿ ಸೀಸೆಯ ಮುಚ್ಚಳದ ಮೇಲೆ ಅಡ್ಡಲಾಗಿ ಕಾಗದ ಅಂಟಿಸಿ ಸಹಿ ಹಾಕಿದೆ. ಮರುದಿನ ಸಹಿ ಹಾಗೆಯೇ ಇತ್ತು, ಲಾಗ ಮತ್ತೆ ಇಳಿದಿತ್ತು. ಸಹಿಯನ್ನೂ ನಕಲು ಮಾಡುತ್ತಾಳೆ ಎಂದುಕೊಂಡೆ. ಹೆಸರು ಬರೆಯಲು ಒದ್ದಾಡುವ ಹೆಂಗಸಿನ ಬಗ್ಗೆ ಈ ಯೋಚನೆ! ಔಷಧದ ಕಪಾಟಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ ವಾಪಸು ಬಂದು ಎಳೆದು ನೋಡುತ್ತಿದ್ದೆ. ಸ್ಕೂಟರ್ ಹತ್ತಿದ ಮೇಲೆ ಇಳಿದು ಇನ್ನೊಮ್ಮೆ. ಒಂದು ದಿನ ಮನೆ ಮುಟ್ಟಿದವಳು ಚಪ್ಪಲಿ ಬಿಡದೆ ತಿರುಗಿ ಬಂದೆ. ಬೀಗ ಹಾಕಿಯೇ ಇತ್ತು. ಮೂರನೇ ಸಲ ಎಳೆಯುವಾಗ ನನ್ನ ಸ್ಟ್ರಯಾಟಮ್ ನೆನಪಾಯಿತು, ಆದರೂ ನಾಲ್ಕನೇ ಸಲ ಎಳೆದೆ.

ಮೇ ತಿಂಗಳ ಒಂದು ಬುಧವಾರ ಏಳೂಕಾಲಕ್ಕೇ ಬಂದೆ. ಪ್ರಾಣಿಗೃಹದ ಬಾಗಿಲು ಓರೆಯಾಗಿತ್ತು. ಒಳಗೆ ಮರೆಮ್ಮನ ದನಿ ಕೇಳಿಸಿತು.

“ಕೊಡ್ರಿ, ಕೊಡ್ರಿ, ಲಗೂನ ಕೊಡ್ರಿ. ಅಕ್ಕಾರು ಬರೋದ್ರಾಗ ಎಲ್ಲಾ ತಕ್ಕೊಂಡ್ ಹೋಗ್ಬೇಕು ನಾ. ಅವ್ರಿಗೆ ಗೊತ್ತಾತಂದ್ರ ನನ್ನ ಕತಿ ಮುಗೀತು. ಯಾರ ಮುಂದನೂ ಹೇಳಬ್ಯಾಡ್ರಿ ಮತ್ತ.”

ಯಾರೊಡನೆ? ಒಳಗೆ ನುಗ್ಗಿದೆ. ಇಲಿಗಳಲ್ಲದೆ ಯಾರೂ ಇರಲಿಲ್ಲ. ಅವಳು ಗಕ್ಕನೆ ಏಪ್ರನ್ನಿನ ಕಿಸೆಗೆ ಕೈ ಹಾಕಿದಳು. “ಏನದು?” ಎಂದು ಮರಾಠಿಯಲ್ಲಿ ಕೇಳಿದೆ. “ಏನಿಲ್ಲ ತಾಯಿ, ಕರವಸ್ತ್ರ” ಎಂದು ಅವಳೂ ಮರಾಠಿಯಲ್ಲೇ ಹೇಳಿದಳು. ಕಿಸೆ ಉಬ್ಬಿತ್ತು. ನನ್ನ ಔಷಧದ ಸೀಸೆ ಅಷ್ಟೇ ದಪ್ಪ.

ಸಿಟ್ಟು ನೆತ್ತಿಗೇರಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಶ್ರದ್ಧಾ ಮ್ಯಾಡಮ್‌ಗೆ ಮೇಲ್ ಬರೆದೆ. ಮರೆಮ್ಮ ನನ್ನ ಪ್ರಯೋಗ ಕೆಡಿಸುತ್ತಿದ್ದಾಳೆ, ಔಷಧ ಕದಿಯುತ್ತಿರಬಹುದು, ಕೂಡಲೇ ತೆಗೆಯಬೇಕು. “ನಾಳೆ ಹನ್ನೊಂದಕ್ಕೆ ಅವಳನ್ನೂ ಅವಳ ಮೇಲ್ವಿಚಾರಕ ಧರ್ಮಣ್ಣನನ್ನೂ ಕರೆಸುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು” ಎಂದು ಮ್ಯಾಡಮ್ ಉತ್ತರ ಬಂತು. ಸುಮ್ಮನಿರುವುದು ನಮ್ಮ ವಂಶದಲ್ಲಿ ಇಲ್ಲ. ನಾಲ್ಕಕ್ಕೆ ಬೈ ಹೇಳಿ, ಹಿಂದಿನ ಬಾಗಿಲಿನಿಂದ ಬಂದು ಹಾಸಿನ ಚೀಲಗಳ ಹಿಂದೆ ಅಡಗಿ ಕೂತೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಮರೆಮ್ಮ ಊಟದ ಚೀಲ ತೆರೆದಳು. ಹಿಡಿ ತುಂಬ ಏನೋ ತೆಗೆದಳು. ಮೊದಲ ಡಬ್ಬದ ತಂತಿ ಎತ್ತಿ ಒಂದನ್ನು ಹಾಕಿದಳು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು. ಸೀಸೆಗಳನ್ನು ಮುಟ್ಟಲೇ ಇಲ್ಲ. ಮರಾಠಿ ನೆನಪಾಗುವಷ್ಟು ವ್ಯವಧಾನ ನನಗಿರಲಿಲ್ಲ.

“ಎಂತ ಅದು? ತೋರ್ಸಿ ಇಲ್ಲಿ!”

ಅವಳ ಕೈಯಿಂದ ಎಲ್ಲ ನೆಲಕ್ಕೆ ಚೆಲ್ಲಿತು. ಗೋಣಿಚೀಲದ ತುಂಡುಗಳು. ಹೆಬ್ಬೆಟ್ಟಿನಷ್ಟು ಉದ್ದ, ಪ್ರತಿಯೊಂದಕ್ಕೂ ಬಿಗಿಯಾದ ಮೂರು ನಾಲ್ಕು ಗಂಟು. ನಾನು ಅವುಗಳನ್ನು ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು.

“ನಿಮಗ ಕನ್ನಡ ಬರ್ತದೇನ್ರಿ?” ಅಂದಳು. ಸಿಕ್ಕಿಬಿದ್ದ ಭಯಕ್ಕಿಂತ ಅದೇ ಅವಳಿಗೆ ದೊಡ್ಡದಾಗಿತ್ತು. “ಎರಡ ವರ್ಷಾತು. ನಿಮ್ಮ ಮುಂದ ನಾ ಮನಿ ಮಾತ ಏನೇನ್ ಆಡೀನೋ ಶಿವನೇ!”

“ಅದು ಬಿಡಿ. ಇದು ಎಂತಕ್ಕೆ ಹಾಕಿದ್ದು?”

ಅವಳು ಕೂತು ತುಂಡುಗಳನ್ನು ಆರಿಸಿಕೊಳ್ಳುತ್ತ ಹೇಳಿದಳು. ಮಗಳು ಭುವನೇಶ್ವರಿಗೆ ಮೂರು ವರ್ಷವಿದ್ದಾಗ ಕಟ್ಟಡದ ಕೆಲಸ. ಮಗುವನ್ನು ಬಿಟ್ಟರೆ ಮೇಲಿನಿಂದ ಇಟ್ಟಿಗೆ ಬೀಳುತ್ತದೆ, ನೀರಿನ ಗುಂಡಿ ಇದೆ. ಎಲ್ಲರೂ ಮಾಡಿದ ಹಾಗೆ ಇವಳೂ ಸೀರೆಯ ತುಂಡಿನಿಂದ ಸೊಂಟ ಕಟ್ಟಿ ಕಂಬಕ್ಕೆ ಬಿಗಿದಿದ್ದಳು.

“ಮದಲಿಗೆ ಅಳ್ತಿತ್ರಿ. ಆಮ್ಯಾಲ ಅಳೂದ ಬಿಡ್ತು. ಹಿಂದ ಮುಂದ, ಹಿಂದ ಮುಂದ ತೂಗಾಡೂದು, ತಲಿ ಕಂಬಕ್ಕ ಬಡಕೊಳ್ಳೂದು. ಮುಂಜಾನಿಂದ ಸಂಜಿ ತನಕ. ಬಿಚ್ಚಿ ಎತ್ಕೊಂಡ್ರೂ ತೂಗಾಡೂದು ನಿಲ್ಲಿಲ್ರಿ. ದೆವ್ವ ಹೊಕ್ಕದ ಅಂದ್ರು. ನಮ್ಮತ್ತಿ ಶಿವಬಸವ್ವ ಊರಿಂದ ಬಂದಾಕಿ ನೋಡಿದ್ಳು, ದೆವ್ವಿಲ್ಲ ಏನಿಲ್ಲ, ಕೂಸಿಗೆ ಕೈಗೆ ಕೆಲ್ಸಿಲ್ಲ ಅಂದ್ಳು. ಗೋಣಿಚೀಲ ಹರದು ಗಂಟ್ ಹಾಕಿ ಕೊಟ್ಳು. ಅದನ್ನ ಬಿಚ್ಚೂದು, ನಾರ ಎಳಿಯೂದು. ಹದಿನೈದ ದಿನದಾಗ ತೂಗಾಡೂದು ಕಮ್ಮಿ ಆತ್ರಿ. ಈಗ ಒಂಬತ್ನೇತ್ತ ಅದಾಳ, ಭಾಳ ಶಾಣ್ಯಾಕಿ.”

ಆಮೇಲೆ ಡಬ್ಬಗಳ ಕಡೆ ಕೈ ತೋರಿದಳು. “ಇವೂ ಹಂಗ ಮಾಡಾಕತ್ತಿದ್ವು. ನೋಡಾಕ ಆಗಿಲ್ಲ ನನಗ.”

ನನಗೆ ಇದು ಗೊತ್ತಿಲ್ಲದ ಸಂಗತಿಯೇ? ಖಾಲಿ ಡಬ್ಬದ ಇಲಿಗೆ ಮಾಡಲು ಏನಾದರೂ ಕೊಟ್ಟರೆ ‘ಸಾಕು’ ಅನ್ನುವ ದಾರಿ ಚುರುಕಾಗುತ್ತದೆಂದು ಎಷ್ಟೋ ಕಡೆ ಓದಿದ್ದೆ. ಅದಕ್ಕೇ ನಾವು ಡಬ್ಬ ಖಾಲಿ ಇಟ್ಟದ್ದು, ಗುಣವಾದರೆ ಅದು ಔಷಧದಿಂದಲೇ ಆಗಲಿ ಎಂದು. ಹಾಸಿನಲ್ಲಿ ಕಂದು ನಾರು ಕಂಡಿದ್ದೂ ಉಂಟು. ಚೀಲದ್ದೆಂದು ಕೊಡವಿ ಎಸೆದಿದ್ದೆ. ಮರೆಮ್ಮ ಸಂಜೆ ಹಾಕಿ ಬೆಳಿಗ್ಗೆ ತೆಗೆದುಬಿಡುತ್ತಿದ್ದಳು, ಕಿಸೆಯಲ್ಲಿದ್ದದ್ದು ಅದೇ, ‘ಕೊಡ್ರಿ’ ಎಂದು ಬೇಡಿದ್ದು ಇಲಿಗಳನ್ನೇ. ಇಷ್ಟು ದಿನ ಸೀಸೆ ಕಾದೆ, ಡಬ್ಬ ನೋಡಲಿಲ್ಲ.

“ಯುಗಾದಿ ಆದ್ಮೇಲೆ ಅಲ್ವಾ ಶುರು ಮಾಡಿದ್ದು?” ಎಂದೆ. ಹಾಗಿದ್ದರೆ ಅದಕ್ಕೆ ಮುಂಚಿನ ಲೆಕ್ಕವಾದರೂ ಉಳಿಯುತ್ತದೆ.

“ಇಲ್ರಿ. ಸಂಕ್ರಾಂತಿ ಆಗಿ ನೀವು ನೀಲಿ ಮುಚ್ಚಳ ತಂದ್ರಲ್ಲ, ಆವತ್ತಿಂದ. ಔಷಧ ಕುಡ್ಯಾಕತ್ಯಾವ ಅಂದ್ರ ಇವಕ್ಕ ಬ್ಯಾನಿ ಜಾಸ್ತಿ ಅದ ಅಂತ, ಇವಕ್ಕಷ್ಟ ಹಾಕಿದ್ದೆ. ಕೆಂಪ ಮುಚ್ಚಳದವು ತಾವಾ ಆರಾಮ ಆಗ್ತಾವ ಅನ್ಕೊಂಡಿದ್ದೆ. ಹಬ್ಬದ ಮುಂದ ನೋಡ್ತೀನಿ, ಅವು ಇನ್ನೂ ಲಾಗಾ ಹೊಡ್ಯಾಕತ್ಯಾವ! ಒಂದ ಪಂಕ್ತ್ಯಾಗ ಕುಂತವ್ರಿಗೆ ಒಬ್ರಿಗೆ ಹೋಳಿಗಿ, ಇನ್ನೊಬ್ರಿಗೆ ಖಾಲಿ ತಾಟು ಅಂದ್ರ ಹ್ಯಾಂಗ್ರಿ? ಯುಗಾದಿಯಿಂದ ಎಲ್ಲಾಕ್ಕೂ ಹಾಕೀನಿ.”

ಜನವರಿ ಇಪ್ಪತ್ತರಿಂದಲೇ ಗಂಟು. ನೀಲಿ ಇಲಿಗಳಿಗೆ ಗುಣವಾದದ್ದು ನನ್ನ ಔಷಧದಿಂದ ಎಂದು ಹೇಳಲು ಈಗ ಒಂದೇ ಒಂದು ಆಧಾರವಿರಲಿಲ್ಲ. ಔಷಧವಿಲ್ಲದ ಕೆಂಪು ಇಲಿಗಳೂ ಈಗ ಇನ್ನೂರಕ್ಕೆ ಇಳಿದು ಅಷ್ಟೇ ಗುಣವಾಗಿದ್ದವು. ಮೂರು ವರ್ಷ, ಮ್ಯಾಡಮ್ ಚಹಾ, ಅಪ್ಪನ ಡಂಗುರ, ಎಲ್ಲ ಒಂದು ಹರಿದ ಗೋಣಿಯಲ್ಲಿ ಹೋಯಿತು. ಅಳು ತಡೆಯಲಾಗಲಿಲ್ಲ. ಮರೆಮ್ಮ ಹತ್ತಿರ ಬಂದು ಬೆನ್ನು ಸವರಿದಳು. ಅವಳನ್ನು ಕಳ್ಳಿ ಎಂದು ಬರೆದ ಮೇಲ್ ನನ್ನ ಫೋನಿನಲ್ಲೇ ಇತ್ತು.

ಆಗ ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ಸಂಕ್ರಾಂತಿಯ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

“ಮರೆಮ್ಮ, ನಾಳೆ ಮ್ಯಾಡಮ್ ಕೇಳ್ತಾರೆ. ಯುಗಾದಿ ಆದ್ಮೇಲೆ ಶುರು ಮಾಡಿದ್ದು ಅಂತ ಹೇಳಿ. ಸಂಕ್ರಾಂತಿ ಮಾತು ಎತ್ತಬೇಡಿ. ನಿಮ್ಮ ಕೆಲಸ ಹೋಗದ ಹಾಗೆ ನಾನು ನೋಡಿಕೊಳ್ತೇನೆ.”

“ಆತ್ರೀ ಯಕ್ಕಾ,” ಅಂದಳು. ಯಾಕೆ ಎಂದು ಕೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳೊಡನೆ ಕನ್ನಡ ಆಡಿದ್ದು, ಅದೂ ಸುಳ್ಳು ಹೇಳಿಸಲು.

ಮರುದಿನ ಹನ್ನೊಂದಕ್ಕೆ ಮ್ಯಾಡಮ್ ಕೋಣೆಯಲ್ಲಿ ನಾಲ್ವರು. ಮ್ಯಾಡಮ್ ಕುರ್ಚಿಯಲ್ಲಿ, ನಾನು ಎದುರಿಗೆ, ಮರೆಮ್ಮ ಗೋಡೆಗೆ ಒರಗಿ, ಧರ್ಮಣ್ಣ ಬಾಗಿಲ ಬಳಿ ಕೈಕಟ್ಟಿ. ಅವನು ಕಲಬುರಗಿ ಕಡೆಯವನು, ಕನ್ನಡದವನೇ. ಗೋಣಿಯ ವಿಷಯ ನಾನೇ ಹೇಳಿದೆ, ಔಷಧ ಕದ್ದಿಲ್ಲ ಎಂದೂ ಹೇಳಿದೆ. ಮ್ಯಾಡಮ್ ಮರಾಠಿಯಲ್ಲಿ ಕೇಳಿದರು, ಯಾವಾಗಿನಿಂದ?

ಮರೆಮ್ಮ ನನ್ನ ಕಡೆ ನೋಡಿದಳು. “ಯುಗಾದಿ ಆದಮೇಲೆ, ತಾಯಿ” ಎಂದು ಮರಾಠಿಯಲ್ಲಿ ಹೇಳಿದಳು.

ಮ್ಯಾಡಮ್ ಮುಖ ಅರಳಿತು. “ಹಾಗಾದರೆ ಅದಕ್ಕೆ ಮುಂಚಿನದೆಲ್ಲ ಸ್ವಚ್ಛ. ಯುಗಾದಿಯ ನಂತರದ್ದು ತೆಗೆದುಬಿಡು, ಲೇಖನ ಕಳಿಸೋಣ.” ಆಮೇಲೆ ಧರ್ಮಣ್ಣನ ಕಡೆ ತಿರುಗಿದರು. “ಇವಳು ನಾಳೆಯಿಂದ ಬೇಡ. ಬೇರೆಯವರನ್ನು ಕಳಿಸಿ. ಬೇರೆ ಸೈಟಿನಲ್ಲಿ ಹಾಕುವಾಗಲೂ ಇವಳು ಮಾಡಿದ್ದು ಹೇಳಿಯೇ ಹಾಕಿ.”

“ಮ್ಯಾಡಮ್, ಒಂದು ಅವಕಾಶ...” ಎಂದೆ. ಅವರು ಕೈ ಎತ್ತಿದರು, ಮಾತು ಮುಗಿಯಿತೆಂಬಂತೆ. ನೋಡಿಕೊಳ್ಳುತ್ತೇನೆ ಎಂದಿದ್ದೆನಲ್ಲ, ಇಷ್ಟೇ ನನ್ನ ಕೈಲಾದದ್ದು.

ಮರೆಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ಒಣಗಿದ ಕೈಯನ್ನೇ. ಮತ್ತೆ ಒರೆಸಿಕೊಂಡಳು. ಮತ್ತೆ. ಕಂಬಕ್ಕೆ ಕಟ್ಟಿದ ಮಗುವಿನ ತಾಯಿಗೆ ನಾನು ಹೀಗೆ ಮಾಡಬಹುದೇ?

“ಮ್ಯಾಡಮ್, ಯುಗಾದಿ ಅಲ್ಲ,” ಎಂದೆ. “ಜನವರಿ ಇಪ್ಪತ್ತರಿಂದ. ನೀಲಿ ಮುಚ್ಚಳದವಕ್ಕೆ ಮೊದಲ ದಿನದಿಂದಲೇ ಗಂಟು ಹಾಕಿದ್ದಾಳೆ. ಅವಕ್ಕೆ ಕಾಯಿಲೆ ಹೆಚ್ಚೆಂದು ಕನಿಕರದಿಂದ ಹಾಕಿದ್ದು. ನಮ್ಮ ಔಷಧ ಗೋಣಿಯ ನಾರಿಗಿಂತ ಹೆಚ್ಚೇನೂ ಮಾಡಿಲ್ಲ.”

ಮ್ಯಾಡಮ್ ಪೆನ್ನು ಕೆಳಗಿಟ್ಟರು. “ಈಗ ತಾನೇ ಯುಗಾದಿ ಅಂದಳಲ್ಲ. ಇವಳು ಸುಳ್ಳು ಹೇಳಿದಳೇ?”

“ಹೌದು” ಎಂದೆ. ಅಷ್ಟೇ ಎಂದೆ. ಸತ್ಯ ಹೇಳಲು ಹೊರಟವಳು ಅಲ್ಲಿಗೆ ನಿಂತುಬಿಟ್ಟೆ.

ಮರೆಮ್ಮ ತಲೆ ಎತ್ತಿದಳು. ಈ ಬಾರಿ ಕನ್ನಡದಲ್ಲೇ ಕೇಳಿದಳು, ದನಿ ಏರಿಸದೆ.

“ಯಕ್ಕಾ, ಯುಗಾದಿ ಅನ್ನು ಅಂತ ನಿನ್ನೆ ನೀವ ಅಂದ್ರಿ. ನೀವಂದ್ರಿ ಅಂತ ನಾ ಅಂದೆ. ಈಗ ನೀವ ನಾ ಸುಳ್ಳ ಹೇಳೀನಿ ಅಂತೀರಿ. ನಾ ನಿಮ್ಮ ಯಾವ ಮಾತ ನಂಬ್ಲಿ?”

ಧರ್ಮಣ್ಣ ನೆಲ ನೋಡಿದ. ಮ್ಯಾಡಮ್‌ಗೆ ಕನ್ನಡ ಬಾರದು. “ಏನಂದಳು?” ಎಂದು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ಅವನ ಕೆಲಸಗಾರರ ಸಂಬಳದ ಬಿಲ್ಲಿಗೆ ತಿಂಗಳು ತಿಂಗಳೂ ನನ್ನಂಥವರ ಸಹಿ ಬೇಕು. ಬಯಸಿದ್ದರೆ ಅವಳ ಮಾತೆಂದು ನಾನು ಅಲ್ಲಿ ಏನು ಬೇಕಾದರೂ ಹೇಳಬಹುದಿತ್ತು. ಒಂದು ಕ್ಷಣ ಬಯಸಿದೆ ಕೂಡ.

ಆಮೇಲೆ ನಾನೇ ಮರಾಠಿಯಲ್ಲಿ ಹೇಳಿದೆ, ಅವಳು ಅಂದ ಮಾತನ್ನು ಒಂದೂ ಬಿಡದೆ.

ಮ್ಯಾಡಮ್ “ಮರೆಮ್ಮ ಇರಲಿ” ಎಂದು ಧರ್ಮಣ್ಣನಿಗೆ ಹೇಳಿ ಅವರಿಬ್ಬರನ್ನೂ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಎರಡು ತಿಂಗಳು ಮರೆಮ್ಮನ ಬೆನ್ನಿಗೆ ನಾನು ನೆಟ್ಟಿದ್ದ ನೋಟವೇ ಅದು.

“ಇಲಿಗಳ ಲಾಗ ಎಣಿಸಿದವಳು ನೀನೊಬ್ಬಳೇ,” ಅಂದರು. “ನೀನು ಏಳುನೂರು ಅಂದೆ, ನಾನು ಬರೆದುಕೊಂಡೆ. ಇನ್ನೂರು ಅಂದೆ, ಬರೆದುಕೊಂಡೆ. ಅದರಲ್ಲಿ ಯಾವುದನ್ನು ನಂಬಲಿ ಹೇಳು?”

ನಾನು ಎಣಿಸಿದ್ದು ಸರಿಯಾಗಿಯೇ ಎಣಿಸಿದ್ದೆ. ಒಂದು ಲಾಗವನ್ನೂ ಹೆಚ್ಚು ಕಡಿಮೆ ಬರೆದಿರಲಿಲ್ಲ. ಅದಕ್ಕೂ ಸಾಕ್ಷಿ ನನ್ನ ಮಾತೊಂದೇ.